ದೇಶವೂ ಕೋಶವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಅವರು ಇಲ್ಲಿ ಕೋಶವೆಂದುದು ಗ್ರಂಥವನ್ನು. ಅರಸರ ಬೊಕ್ಕಸಕ್ಕೂ ಅದೇ ಹೆಸರುಂಟು. ವಿಜ್ಞಾನವು ಕನ್ನಡದಲ್ಲಿ ಮಾತನಾಡತೊಡಗಿದ ಮೇಲೆ ಆ ಪದಕ್ಕೆ ಮತ್ತೊಂದು ಅರ್ಥವೂ ಕೂಡಿಕೊಂಡಿತು. ಗಿಡಮರಗಳ, ಪಶುಪಕ್ಷಿಗಳ, ಮನುಷ್ಯರ ಶರೀರವೆಲ್ಲವೂ ಯಾವ ಅತಿಸೂಕ್ಷ್ಮವಾದ ಅಂಶಗಳಿಂದ ಕಟ್ಟಲ್ಪಟ್ಟಿದೆಯೋ ಅವನ್ನು ಜೀವಕೋಶಗಳೆಂದು ಕರೆದರು. ಜೀವವೈದ್ಯ ವಿಜ್ಞಾನವನ್ನು ಕಲಿಯುವುದಕ್ಕಾಗಿ ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗೆ ಈ ಮೂರು ಕೋಶಗಳ ಪರಿಚಯವೂ ಒಟ್ಟಿಗೆ ಆಗುತ್ತದೆ. ಓದುವುದು ಗ್ರಂಥವನ್ನು, ನೋಡುವುದು ಜೀವಕೋಶವನ್ನು, ಬರಿದಾಗುವುದು ಮನೆಯ ಬೊಕ್ಕಸ.

ಅರಸೀಕೆರೆಯು ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಊರು. ಈಗ ಅದರ ಪ್ರಸಿದ್ಧಿ ರೈಲಿನಿಂದ ಮತ್ತು ಕೊಬ್ಬರಿಯಿಂದ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಿಂದ ಹಾಸನದ ದಾರಿ ಇಲ್ಲಿಯೇ ಕವಲೊಡೆಯುವುದರಿಂದ, ಎಲ್ಲಿಗಾದರೂ ಹೊರಟವರನ್ನು ಬೀಳ್ಕೊಡುವುದು ಈ ಊರಿಗೆ ಅಭ್ಯಾಸವಾದ ಕೆಲಸ. ಇಲ್ಲಿಂದ ಜಾವಗಲ್ಲಿನ ಕಡೆಗೆ, ಅಂದರೆ ಹಳೇಬೀಡಿಗೆ ಹೋಗುವ ದಿಕ್ಕಿಗೆ, ಒಂದು ಹಳ್ಳಿ. ಆ ಹಳ್ಳಿಯ ತೆಂಗಿನ ತೋಟದ ಒಂದು ಮನೆಯ ಹುಡುಗಿ ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಓದುವುದಕ್ಕಾಗಿ ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯಕ್ಕೆ ಹೊರಟಳು. ಆ ಮನೆಯಲ್ಲಿ ಪಾಸ್‌ಪೋರ್ಟನ್ನು ಕಂಡವರಲ್ಲಿ ಆಕೆಯೇ ಮೊದಲಿಗಳು.

ಶುಲ್ಕದ ಲೆಕ್ಕವನ್ನು ಕೇಳಿದಾಗ ಆಕೆಯ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆ ದೇಶದ ಮಕ್ಕಳು ಕೊಡುವುದಕ್ಕಿಂತ ಹೊರದೇಶದ ಮಕ್ಕಳು ಹೆಚ್ಚು ಶುಲ್ಕವನ್ನು ಕೊಡಬೇಕು. ತೋಟವನ್ನು ಆಧಾರ ಮಾಡಿ ಬ್ಯಾಂಕಿನಲ್ಲಿ ಸಾಲ ತೆಗೆಯದೆ ಬೇರೆ ದಾರಿ ಇರಲಿಲ್ಲ. ಕೊನೆಗೆ ಆತ ಕೇಳಿದುದು ಒಂದೇ ಪ್ರಶ್ನೆ: “ಎಷ್ಟು ದಿನದ ಓದು ಮಗಳೇ?” ಒಂದು ವರ್ಷವೆಂದು ಆಕೆ ಹೇಳಿದಳು. “ಒಂದು ಅಟ್ಟದ ಕಾಲ ಅನ್ನು,” ಎಂದು ಆತ ಒಪ್ಪಿದನು. ಬಲಿತ ಕಾಯನ್ನು ಅಟ್ಟದ ಮೇಲೆ ಹರಡಿದರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಹೊರಗಿನಿಂದ ನೋಡುವವನಿಗೆ ಏನೂ ಕಾಣುವುದಿಲ್ಲ. ಅನುಭವಸ್ಥನು ಕಾಯನ್ನು ಕಿವಿಯ ಬಳಿ ಹಿಡಿದು ಕುಲುಕಿ, ಸದ್ದಿನಿಂದಲೇ ಒಳಗಿನ ಸ್ಥಿತಿಯನ್ನು ಹೇಳುತ್ತಾನೆ. ಒಡೆಯದೆ ಒಳಗನ್ನು ತಿಳಿಯುವ ವಿದ್ಯೆ ಅದು. ಮಗಳು ಕಲಿಯಹೊರಟುದೂ ಅದೇ ಬಗೆಯ ವಿದ್ಯೆಯೆಂಬುದು ಆತನಿಗೆ ಆಗ ತಿಳಿದಿರಲಿಲ್ಲ.

ಊರಿಗೂ ತಿಳಿದಿರಲಿಲ್ಲ. ಸೀಮೆಗೆ ಹೋಗಿ ವೈದ್ಯವೆಂಬ ಮಾತು ಸೇರಿದ ಯಾವುದನ್ನೋ ಓದುವವಳು ಡಾಕ್ಟರಾಗಿಯೇ ಬರಬೇಕಷ್ಟೆ? ಆಕೆ ವಿಮಾನ ಹತ್ತುವುದಕ್ಕೆ ಮೊದಲೇ ಬೀದಿಯವರು ಆಕೆಯನ್ನು ಡಾಕ್ಟರಮ್ಮ ಎಂದು ಕರೆಯತೊಡಗಿದ್ದರು. ತಾನು ರೋಗಿಗಳನ್ನು ನೋಡುವವಳಲ್ಲ, ಔಷಧ ಬರೆದುಕೊಡುವವಳಲ್ಲ, ರಕ್ತವನ್ನೂ ಅಂಗಾಂಶವನ್ನೂ ಪರೀಕ್ಷಿಸಿ ರೋಗವು ಏನೆಂಬುದನ್ನು ಕಂಡುಹಿಡಿಯುವ ಶಾಸ್ತ್ರವನ್ನು ಓದುವವಳು ಎಂದು ಆಕೆ ಎಷ್ಟು ಬಿಡಿಸಿ ಹೇಳಿದರೂ ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯ ಮುದುಕಿ ನೇರವಾಗಿ ಕೇಳಿಯೇಬಿಟ್ಟಳು: “ಅಲ್ಲ ಕಣವ್ವ, ಅಷ್ಟು ದುಡ್ಡು ಸುರಿದು ಡಾಕ್ಟರಾಗದೆ ಬರೋದಾದ್ರೆ, ಹೋಗೋದಾದ್ರೂ ಯಾಕೆ?”

ಈ ಪ್ರಶ್ನೆ ಹಗುರವಾದುದಲ್ಲ. ಆಕೆ ಅದನ್ನು ತನ್ನೊಡನೆಯೇ ಇಂಗ್ಲೆಂಡಿಗೆ ಕೊಂಡೊಯ್ದಳು.

ಆಕೆಗಿಂತ ಬಹಳ ಹಿಂದೆ, ಇದೇ ನಾಡಿನ ರಾಜಧಾನಿಯಿಂದ ಒಬ್ಬ ತರುಣಿ ಇಂತಹ ವಿದ್ಯೆಗಾಗಿಯೇ ಇಂಗ್ಲೆಂಡಿಗೆ ಹೋಗಿದ್ದರು. ಇಂದೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಪದವಿ ಪಡೆದ ಕಮಲಾ ಭಾಗವತ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸರಿಗೆ ಪ್ರವೇಶವಿಲ್ಲವೆಂದು ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ನಿರಾಕರಿಸಿದರು. ತರುಣಿ ಜಗ್ಗಲಿಲ್ಲ. ಸತ್ಯಾಗ್ರಹದ ಬೆದರಿಕೆ ಹಾಕಿ, ಒಂದು ವರ್ಷ ಪರೀಕ್ಷಾರ್ಥವಾಗಿ ಇರುವ ಷರತ್ತಿಗೆ ಒಪ್ಪಿ, ಒಳಗೆ ಬಂದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಎಂ. ಶ್ರೀನಿವಾಸಯ್ಯನವರು. ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ಕಂಡ ಮೇಲೆ ಸಂಸ್ಥೆಯ ಬಾಗಿಲು ಮಿಕ್ಕ ಹೆಣ್ಣುಮಕ್ಕಳಿಗೂ ತೆರೆಯಿತು. 1937ರಲ್ಲಿ ಕಮಲಾ ಅವರು ಕೇಂಬ್ರಿಜ್ಜಿಗೆ ಹೋಗಿ, ಜೀವಸತ್ವಗಳ ಶೋಧನೆಗಾಗಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಹಾಪ್ಕಿನ್ಸರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ತೊಡಗಿದರು. ಅಲ್ಲಿ ಅವರು ಕೈಗೆತ್ತಿಕೊಂಡುದು ಆಲೂಗೆಡ್ಡೆಯನ್ನು. ಪ್ರಾಣಿಗಳ ಜೀವಕೋಶಗಳು ಉಸಿರಾಡುವುದಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಇದೆಯೆಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪದವಿಯೊಡನೆ ಹಿಂತಿರುಗಿದರು.

ಈ ಶೋಧನೆಯ ಹಿರಿಮೆ ಎಲ್ಲಿದೆಯೆಂಬುದನ್ನು ಸ್ವಲ್ಪ ಯೋಚಿಸಬೇಕು. ಮಣ್ಣಿನೊಳಗಿನ ಗೆಡ್ಡೆಯೂ ಅದನ್ನು ಅಗೆಯುವ ಮನುಷ್ಯನೂ ಒಂದೇ ಉಪಾಯದಿಂದ ಉಸಿರಾಡುತ್ತಾರೆ. ಕೇಂಬ್ರಿಜ್ಜಿನ ಗೆಡ್ಡೆಗೂ ಹಾಸನದ ಗೆಡ್ಡೆಗೂ ಇದರಲ್ಲಿ ಭೇದವಿಲ್ಲ. ಜೀವಕೋಶದ ಮಟ್ಟಕ್ಕೆ ಇಳಿದ ಮೇಲೆ ದೇಶವೆಂಬುದು ಉಳಿಯುವುದಿಲ್ಲ. ಆದುದರಿಂದಲೇ ಈ ಶಾಸ್ತ್ರವನ್ನು ಎಲ್ಲಿ ಬೇಕಾದರೂ ಕಲಿಯಬಹುದು, ಕಲಿತುದನ್ನು ಎಲ್ಲಿ ಬೇಕಾದರೂ ನಡೆಸಬಹುದು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆ ವಿದುಷಿ ಮುಂಬಯಿಯಲ್ಲಿ ನೀರಾ ಎಂಬ ತಾಳೆಯ ಜಾತಿಯ ಮರಗಳ ರಸದಲ್ಲಿ ಬಡಮಕ್ಕಳಿಗೆ ಎಷ್ಟು ಪೋಷಣೆಯುಂಟೆಂಬುದನ್ನು ಪರಿಶೋಧಿಸಿದರು. ಕೇಂಬ್ರಿಜ್ಜಿನಲ್ಲಿ ಕಲಿತ ವಿದ್ಯೆ ಈ ದೇಶದ ಮರದ ಬುಡಕ್ಕೆ ಬಂದು ನಿಂತಿತು.

ಜೀವಕೋಶಕ್ಕೆ ದೇಶವಿಲ್ಲದಿದ್ದರೂ ಅದನ್ನು ನೋಡಲು ಹೋದವಳಿಗೆ ದೇಶವಿತ್ತು. ಅರಸೀಕೆರೆಯ ಹುಡುಗಿಗೆ ದಿನದಿನವೂ ಅದರ ನೆನಪಾಗುತ್ತಿತ್ತು. ನವೆಂಬರಿನಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲೆ, ಹಸುವಿನ ಕೂಗಾಗಲಿ ಮೈಕಿನ ಹಾಡಾಗಲಿ ಇಲ್ಲದ ಮುಂಜಾವು, ತಾನು ಆಡಿದ ಇಂಗ್ಲಿಷನ್ನು ಎರಡನೆಯ ಸಲ ಕೇಳುವ ಜನ. ತರಗತಿಗಳು ನಡೆಯುವ ಕಾಲದಲ್ಲಿ ವಿದ್ಯಾರ್ಥಿಯು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಕೂಡದೆಂದು ಆ ದೇಶದ ನಿಯಮ. ಆ 20 ಗಂಟೆಗಳನ್ನು ಆಕೆ ಒಂದು ಅಂಗಡಿಯಲ್ಲಿ ಸಾಮಾನು ಜೋಡಿಸುವುದರಲ್ಲಿ ಕಳೆದಳು. ಅಲ್ಲಿ ಚೀಲಗಳಲ್ಲಿ ಮಾರುತ್ತಿದ್ದ ತೆಂಗಿನ ತುರಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ, ತಂದೆಗೆ ಹೇಳಬಾರದೆಂದು ನಿಶ್ಚಯಿಸಿಕೊಂಡಳು.

ಅಂಗಡಿಯ ಕೆಲಸ ಆಕೆಗೆ ಮೊದಲು ಅವಮಾನವೆನಿಸಿತ್ತು. ಆ ಭಾವನೆಯನ್ನು ಬಿಡಿಸಿದುದು ಪಾಠದ ನಡುವೆ ಬಂದ ಒಂದು ಹೆಸರು. ಜಾರ್ಜ್ ಪಾಪಾನಿಕೊಲಾವು ಎಂಬವನು ಗ್ರೀಸಿನವನು. ಜರ್ಮನಿಯ ಮ್ಯೂನಿಕ್ಕಿಗೆ ಹೋಗಿ ಓದಿದವನು. 1913ರಲ್ಲಿ ಹೆಂಡತಿಯೊಡನೆ ನ್ಯೂಯಾರ್ಕಿನಲ್ಲಿ ಇಳಿದಾಗ ಇಂಗ್ಲಿಷು ಬಾರದವನು. ಹೊಟ್ಟೆಪಾಡಿಗಾಗಿ ಆತ ಒಂದು ದೊಡ್ಡ ಅಂಗಡಿಯಲ್ಲಿ ರತ್ನಗಂಬಳಿಗಳನ್ನು ಮಾರಿದನು, ಹೆಂಡತಿ ಗುಂಡಿ ಹೊಲಿದಳು. ಅನಂತರ ಪ್ರಯೋಗಶಾಲೆಯಲ್ಲಿ ಕೆಲಸ ದೊರೆಯಿತು. ಗರ್ಭಕೋಶದ ಕೊರಳಿನಿಂದ ಉದುರುವ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರು ಬೇರೂರುವ ಮೊದಲೇ ಅದರ ಸುಳಿವು ಸಿಗುವುದೆಂದು ಆತ ಕಂಡುಕೊಂಡನು. ಅವನ ಹೆಂಡತಿ ವರ್ಷಗಟ್ಟಲೆ ತನ್ನ ಶರೀರವನ್ನೇ ಈ ಪರೀಕ್ಷೆಗೆ ಒಪ್ಪಿಸಿದಳು. 1943ರಲ್ಲಿ ಇದರ ಗ್ರಂಥ ಹೊರಬಂದಿತು. ಇಂದಿಗೂ ಆ ಪರೀಕ್ಷೆಗೆ ಅವನ ಹೆಸರಿನ ಮೊದಲ ಅಕ್ಷರಗಳೇ ಹೆಸರು. ಅವನ ಹೆಸರು ಉಳಿದುದು ಚಿಕಿತ್ಸೆಯಿಂದಲ್ಲ. ಅವನ ಗಾಜಿನ ಪಟ್ಟಿ ಬದುಕಿಸಿದವರಿಗೆ ಲೆಕ್ಕವಿಲ್ಲ. ಪಕ್ಕದ ಮನೆಯ ಮುದುಕಿಯ ಪ್ರಶ್ನೆಗೆ ಉತ್ತರದ ಒಂದು ತುದಿ ಆಕೆಗೆ ಅಂದು ಸಿಕ್ಕಿತು.

ಮತ್ತೊಂದು ತುದಿ ಸಿಕ್ಕಿದುದು ಜನವರಿಯಲ್ಲಿ, ಪ್ರಯೋಗಶಾಲೆಯಲ್ಲಿ. ಜೀವಕೋಶಗಳನ್ನು ಸಾಕುವುದು ಹೇಗೆಂಬುದನ್ನು ಕಲಿಸುವ ಪಾಠ. ಸಣ್ಣದೊಂದು ಸೀಸೆಯಲ್ಲಿ ಗುಲಾಬಿ ಬಣ್ಣದ ಪೋಷಕದ್ರವ. ಮನುಷ್ಯನ ಮೈಯಷ್ಟೇ ಬಿಸಿ, 37 ಡಿಗ್ರಿ, ಇರುವ ಪೆಟ್ಟಿಗೆಯಲ್ಲಿ ಅದನ್ನು ಇಡಬೇಕು. ಸೀಸೆಯ ತಳಕ್ಕೆ ಅಂಟಿಕೊಂಡಿದ್ದ ಜೀವಕೋಶಗಳು ಸುಮಾರು ಒಂದು ದಿನಕ್ಕೆ ಒಂದು ಸಲ ಎರಡರಷ್ಟಾಗುತ್ತಿದ್ದುವು. ಅವುಗಳ ಹೆಸರು ಹೀಲಾ. ಆಗಲೇ ಆಕೆ ಅವುಗಳ ಕಥೆಯನ್ನು ಓದಿದಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಹೆಂಗಸು, ಐದು ಮಕ್ಕಳ ತಾಯಿ, ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡಳು. ಆಗ ಅವಳಿಗೆ 31 ವರ್ಷ. ಅವಳಿಗೆ ಹೇಳದೆ, ಅವಳ ಒಪ್ಪಿಗೆ ಕೇಳದೆ ತೆಗೆದುಕೊಂಡ ಅವಳ ಗೆಡ್ಡೆಯ ಜೀವಕೋಶಗಳು ಸಾಯದೆ ಬೆಳೆದುವು. ಸೀಸೆಗಳಲ್ಲಿ ದೇಶದೇಶಗಳಿಗೆ ಹೋದುವು. ಪೋಲಿಯೋ ಲಸಿಕೆಯ ಪರೀಕ್ಷೆಗೆ ಒದಗಿದುವು. ಅವುಗಳನ್ನು ಕೊಟ್ಟವಳ ಹೆಸರನ್ನು ಮಾತ್ರ ಬಹುಕಾಲ ಬೇರೆ ಹೆಸರಿಟ್ಟು ಮರೆಮಾಡಿದ್ದರು. ಮಕ್ಕಳಿಗೆ ಈ ಸಂಗತಿ ತಿಳಿದುದು 1970ರ ದಶಕದಲ್ಲಿ. 2023ರಲ್ಲಿ ಅವಳ ವಂಶದವರಿಗೂ, ಆ ಜೀವಕೋಶಗಳಿಂದ ಲಾಭ ಪಡೆದ ಒಂದು ಕಂಪನಿಗೂ ರಾಜಿಯಾಯಿತು.

ದೇಶ ಸುತ್ತಿದ ಕೋಶವೆಂದರೆ ಇದೇ. ಆಕೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಅವಳ ಕಣ್ಣ ಮುಂದೆ ಬಂದವಳು ಚಿಕ್ಕಮ್ಮ.

ತಾಯಿಯ ತಂಗಿಯಾದ ಆ ಚಿಕ್ಕಮ್ಮ ನಲವತ್ತು ತುಂಬುವುದರೊಳಗೆ ಹೋದಳು. ರೋಗವೇನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದವರಿಗೆ ಹೊಟ್ಟೆನೋವೆಂದರು, ಬೆಂಗಳೂರಿಗೆ ಕರೆದುಕೊಂಡು ಹೋದಾಗ ನೆಂಟರ ಮದುವೆಗೆಂದರು. ಹೆಂಗಸರ ಕಾಯಿಲೆ, ಅದರ ಮಾತೆತ್ತುವುದೇ ನಾಚಿಕೆ. ಆಕೆ ಹಾಸನದಲ್ಲಿ ಓದುವಾಗಲೂ ಕಾಯಿಲೆಯ ಹೆಸರು ಆಕೆಗೆ ತಿಳಿದಿರಲಿಲ್ಲ. ಈಗ ನೆನಪುಗಳನ್ನು ಒಂದಕ್ಕೊಂದು ಸೇರಿಸಿ ನೋಡಿದಾಗ, ಸೀಸೆಯ ತಳದಲ್ಲಿ ಬೆಳೆಯುತ್ತಿದ್ದುದೂ ಚಿಕ್ಕಮ್ಮನ ಒಡಲಲ್ಲಿ ಬೆಳೆದುದೂ ಒಂದೇ ಎಂಬುದು ಆಕೆಗೆ ಗೊತ್ತಾಯಿತು. ಬಾಲ್ಟಿಮೋರಿನಲ್ಲಿ ಮನುಷ್ಯಳ ಹೆಸರನ್ನು ಮುಚ್ಚಿದರು. ಅರಸೀಕೆರೆಯ ಹಳ್ಳಿಯಲ್ಲಿ ರೋಗದ ಹೆಸರನ್ನು ಮುಚ್ಚಿದರು. ಎರಡನೆಯ ಮುಚ್ಚುಮರೆ ಹೆಚ್ಚು ಕ್ರೂರವಾದುದು. ಏಕೆಂದರೆ ಈ ಕ್ಯಾನ್ಸರು ಅವಸರದ ರೋಗವಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ವೈರಸ್ಸಿನಿಂದ ಮೊದಲಾಗಿ, ಜೀವಕೋಶಗಳು ಕೆಟ್ಟು ಕ್ಯಾನ್ಸರಾಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಅದು ಅಟ್ಟದ ಮೇಲಿನ ಕಾಯಿಯಂತೆ ಹೊರಗೆ ಏನನ್ನೂ ತೋರಿಸದು. ಕುಲುಕಿ ನೋಡುವವರಿದ್ದರೆ ತಿಳಿಯುತ್ತದೆ, ತಿಳಿದರೆ ನಿವಾರಣೆಯಾಗುತ್ತದೆ. ಚಿಕ್ಕಮ್ಮನಿಗೆ ಔಷಧ ಸಾಲದೆ ಹೋದುದಲ್ಲ. ಅವಳ ಪಾಲಿಗೆ ಕುಲುಕಿ ನೋಡುವವರು ಇರಲಿಲ್ಲ.

ಆ ಭಾನುವಾರ ಆಕೆ ಮನೆಗೆ ಫೋನು ಮಾಡಿದಳು. ಊಟ ತಿಂಡಿಯ ಮಾತು ಮುಗಿದ ಮೇಲೆ, “ಅಮ್ಮ, ನೀನೊಂದು ಸಲ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು,” ಎಂದಳು.

“ನನಗೇನಾಗಿದೆ? ಚೆನ್ನಾಗಿಯೇ ಇದ್ದೀನಲ್ಲ.”

“ಚಿಕ್ಕಮ್ಮನೂ ಚೆನ್ನಾಗಿಯೇ ಇದ್ದರಲ್ಲಮ್ಮ. ಚೆನ್ನಾಗಿರುವಾಗಲೇ ಮಾಡಿಸಬೇಕಾದ ಪರೀಕ್ಷೆ ಇದು.”

ಆ ಕಡೆಯಿಂದ ಮಾತು ಬರಲಿಲ್ಲ. ಹೆಸರಿಡದೆ ಇದ್ದುದಕ್ಕೆ ಆಕೆ ಹೆಸರಿಟ್ಟಳು. ತಾಯಿ ಅತ್ತಳು, ಬೈದಳು, ಅಪ್ಪನಿಗೆ ಕೇಳಿಸೀತು ಎಂದಳು. ಮೂರು ವಾರ ಇದೇ ಮಾತು ನಡೆಯಿತು. ನಾಲ್ಕನೆಯ ವಾರ ತಾಯಿ ತಾಲ್ಲೂಕು ಆಸ್ಪತ್ರೆಗೆ ಹೋದಳು. ಒಬ್ಬಳೇ ಹೋಗಲು ಸಂಕೋಚವಾಗಿ ಬೀದಿಯ ಮತ್ತೆ ಮೂವರನ್ನು ಜೊತೆಗೆ ಕರೆದುಕೊಂಡು ಹೋದಳು. ಮೂವರಿಗೆ ಏನೂ ಇರಲಿಲ್ಲ. ನಾಲ್ಕನೆಯವಳು ಪಕ್ಕದ ಮನೆಯ ಮುದುಕಿಯ ಸೊಸೆ. ಅವಳನ್ನು ಹಾಸನಕ್ಕೆ ಕಳುಹಿಸಿದರು. ಅಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ರೋಗ ಇನ್ನೂ ಮೊಳೆಯದೆ ಇದೆಯೆಂದೂ ಈಗಲೇ ತೆಗೆದುಹಾಕಬಹುದೆಂದೂ ಹೇಳಿ, ಹಾಗೆಯೇ ಮಾಡಿದರು. ಆ ಸೊಸೆಗೆ ಇಬ್ಬರು ಚಿಕ್ಕ ಮಕ್ಕಳು. ಅಂದಿನಿಂದ ಮುದುಕಿ ತನ್ನ ಹಳೆಯ ಪ್ರಶ್ನೆಯನ್ನು ಕೇಳಿದಂತಿಲ್ಲ. ಡಾಕ್ಟರಮ್ಮ ಎಂದು ಕರೆಯುವುದನ್ನಂತೂ ಬಿಟ್ಟಿಲ್ಲ.

ಬೇಲೂರಿನ ಚೆನ್ನಕೇಶವನ ಗುಡಿಯನ್ನು ಅರಸೀಕೆರೆಯ ಕಡೆಯ ಮಕ್ಕಳಲ್ಲಿ ಶಾಲೆಯ ಪ್ರವಾಸದಲ್ಲಿ ನೋಡದವರು ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಶಿಲ್ಪಿಗಳು ತಮ್ಮ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಅವರಲ್ಲಿ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರು. ಬಳ್ಳಿಗಾವೆ ಈಗ ಶಿಕಾರಿಪುರ ತಾಲ್ಲೂಕಿನ ಚಿಕ್ಕ ಊರು. ಆಗ ಅದು ವಿದ್ಯೆಗೆ ಹೆಸರಾದ ಪಟ್ಟಣ. ಅಲ್ಲಿನ ಕೋಡಿಯ ಮಠದಲ್ಲಿ ಶಾಸ್ತ್ರಪಾಠದೊಡನೆ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು 1162ರ ಶಾಸನ ಹೇಳುತ್ತದೆ. ದಾಸೋಜನು ತನ್ನ ಊರನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದು ಕೆಲಸ ಮಾಡಿದನು. ಹೆಸರನ್ನು ಕೊರೆಯುವಾಗ ಊರನ್ನು ಬಿಡಲಿಲ್ಲ. ಬೇಲೂರು ಹಳೇಬೀಡುಗಳ ಗುಡಿಗಳು 2023ರಲ್ಲಿ ಲೋಕದ ಪರಂಪರೆಯ ಪಟ್ಟಿಗೆ ಸೇರಿದುವು. ಅವನ್ನು ನೋಡಲು ಇಂದು ದೂರದ ದೇಶಗಳಿಂದ ಬರುವವರೆಲ್ಲರೂ ದಾಸೋಜನ ಊರಿನ ಹೆಸರನ್ನು, ತಿಳಿದೋ ತಿಳಿಯದೆಯೋ, ಹಾದುಹೋಗುತ್ತಾರೆ.

ಬೇಸಿಗೆಯಲ್ಲಿ ಪ್ರಬಂಧವನ್ನು ಒಪ್ಪಿಸುವಾಗ ಆಕೆಗೆ ಇದು ನೆನಪಿಗೆ ಬಂದಿತು. ವೈಜ್ಞಾನಿಕ ಪ್ರಬಂಧದಲ್ಲಿ ಕೃತಜ್ಞತೆಗೆ ಇರುವುದು ಒಂದೇ ಪುಟ. ಅಧ್ಯಾಪಕರಿಗೆ, ತಂದೆ ತಾಯಿಗಳಿಗೆ ವಂದನೆ ಸಲ್ಲಿಸಿದ ಮೇಲೆ, ಆಕೆ ಹೆನ್ರಿಯೆಟಾ ಲ್ಯಾಕ್ಸಳ ಹೆಸರನ್ನು ಪೂರ್ತಿಯಾಗಿ ಬರೆದಳು. ಅದರ ಕೆಳಗೆ ಚಿಕ್ಕಮ್ಮನ ಹೆಸರನ್ನೂ, ಅವಳ ಊರನ್ನೂ, ಅವಳು ತೀರಿಕೊಂಡ ರೋಗವನ್ನೂ ಬರೆದಳು. ಅದನ್ನು ಓದಿದ ಪರೀಕ್ಷಕರಲ್ಲಿ ಒಬ್ಬರು ಅರಸೀಕೆರೆಯೆಂಬುದು ಎಲ್ಲಿದೆಯೆಂದು ಕೇಳಿದರು.

ಎಂ.ಎಸ್ಸಿ. ಪದವಿಯೇನೋ ಬಂದಿತು. ಮುಂದಿನ ದಾರಿ ಸುಲಭವಾಗಿಲ್ಲ. ಆ ದೇಶದಲ್ಲಿ ಜೀವವೈದ್ಯ ವಿಜ್ಞಾನಿ ಎಂಬುದು ಕಾಯಿದೆಯ ರಕ್ಷಣೆಯುಳ್ಳ ಬಿರುದು. ಒಂದು ವರ್ಷದ ಪದವಿಯೊಂದರಿಂದಲೇ ಅದು ಸಾಮಾನ್ಯವಾಗಿ ದೊರೆಯದು. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ತರಬೇತಿ ಹೊಂದಿ, ಸಾಮರ್ಥ್ಯವನ್ನು ತೋರಿಸಿ, ಹೆಸರು ನೋಂದಾಯಿಸಬೇಕು. ಓದು ಮುಗಿಸಿದವರು ಎರಡು ವರ್ಷ ಅಲ್ಲಿಯೇ ಉಳಿದು ದುಡಿಯಬಹುದೆಂದು 2021ರಲ್ಲಿ ಬಂದ ಅನುಮತಿಯನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಲ್ಲಿ ಪಿಎಚ್.ಡಿ. ಪಡೆದವರನ್ನು ಬಿಟ್ಟು ಉಳಿದವರಿಗೆ 18 ತಿಂಗಳಿಗೆ ಇಳಿಸಲು ಗೊತ್ತುಮಾಡಿದ್ದಾರೆ. ಆಕೆಗೆ ಹಳೆಯ ನಿಯಮದ ಎರಡು ವರ್ಷ ಸಿಕ್ಕಿತು. ಗರ್ಭಕೊರಳಿನ ಪರೀಕ್ಷೆ ನಡೆಸುವ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಳ ಕೆಲಸವನ್ನು ಹಿಡಿದಿದ್ದಾಳೆ. ತಿಂಗಳ ಸಂಬಳದಲ್ಲಿ ಅರ್ಧ ಬ್ಯಾಂಕಿಗೆ ಹೋಗುತ್ತದೆ.

ಆಕೆ ಹಿಂತಿರುಗುವಳೋ ಇಲ್ಲವೋ ಎಂಬುದನ್ನು ಊರಿನವರು ಚರ್ಚಿಸುತ್ತಾರೆ. ಹಿಂತಿರುಗಿದರೆ ವಿದ್ಯೆ ವ್ಯರ್ಥವಾಯಿತೆನ್ನುವವರು ಕೆಲವರು. ಹಿಂತಿರುಗದಿದ್ದರೆ ಮಗಳು ಕೈಬಿಟ್ಟಳೆನ್ನುವವರು ಕೆಲವರು. ಎರಡೂ ಮಾತು ಸಲ್ಲದು. ವಿದ್ಯೆಯು ಯಾವ ನೆಲದಲ್ಲಿ ನಿಂತಿದೆಯೆಂಬುದಕ್ಕಿಂತ ಯಾರನ್ನು ನೆನೆದು ನಡೆಯುತ್ತಿದೆಯೆಂಬುದು ದೊಡ್ಡದು. ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಅತ್ಯಂತ ಹೆಚ್ಚಾಗಿ ಕಾಣಿಸುವುದು ಈ ಕ್ಯಾನ್ಸರೇ. ಗಾಜಿನ ಪಟ್ಟಿಯನ್ನು ಓದಬಲ್ಲ ಕಣ್ಣುಗಳು ಹಾಸನಕ್ಕೂ ಬೇಕು, ಅರಸೀಕೆರೆಗೂ ಬೇಕು. ಆ ಬೀದಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋದ ನಾಲ್ವರು ಹೆಂಗಸರ ಹಿಂದೆ ಈಗ ಹನ್ನೊಂದು ಮಂದಿ ಹೋಗಿಬಂದಿದ್ದಾರೆ. ಅವರಲ್ಲಿ ಕೆಲವರು ಗಂಡಂದಿರಿಗೆ ಹೇಳಿಯೇ ಹೋದರು.